ನಲವತ್ತೊಂದನೆಯ ಪುಟದ ಒಂದು ವಾಕ್ಯ

ಪಿರಿಯಾಪಟ್ಟಣ
೬ ಜುಲೈ ೧೯೫೫

ಲಿಂಗಣ್ಣನಿಗೆ,

ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ. ಮೊದಲು ಜಗಳ.

ನೀನು ತಿದ್ದಿ ಕಳಿಸಿದ ಹಸ್ತಪ್ರತಿ ನಿನ್ನೆ ಟಪಾಲಿನಲ್ಲಿ ಬಂತು. ಮಕ್ಕಳಿಗೆ ಭೂಪಟ ಬರೆಯಲು ಹೇಳಿ, ತರಗತಿಯಲ್ಲೇ ಮೇಜಿನ ಕೆಳಗೆ ಇಟ್ಟುಕೊಂಡು ಓದಿದೆ. ಅರ್ಧ ಗಂಟೆಯ ಮೇಲೆ ಒಬ್ಬ ಹುಡುಗಿ ಎದ್ದು, "ಸಾರ್, ಕಾವೇರಿ ಬರ್ದಾಯ್ತು, ಇನ್ನೇನ್ ಬರೀಲಿ" ಎಂದು ಕೇಳಿದವಳು ನನ್ನ ಮುಖ ನೋಡಿ ಹೆದರಿಕೊಂಡು ಕೂತುಬಿಟ್ಟಳು.

ಈ ಪುಸ್ತಕ ನಾನು ಕೇಳಿ ಪಡೆದದ್ದಲ್ಲ. ನಿಮ್ಮ ಬೆಳ್ಳಿಚುಕ್ಕಿ ಪುಸ್ತಕ ಸಂಘ ಲೋಕ ಚರಿತ್ರೆಯ ಮಾಲೆ ತರಲು ಹೊರಟಾಗ ಈಜಿಪ್ಟನ್ನು ಪ್ರೊಫೆಸರೊಬ್ಬರು ಎತ್ತಿಕೊಂಡರು, ಗ್ರೀಸನ್ನು ಪ್ರಿನ್ಸಿಪಾಲರೊಬ್ಬರು ಹಿಡಿದರು. ರೋಮಿನ ಪ್ರಾಂತ್ಯಗಳಲ್ಲಿ ದೊಡ್ಡವೆಲ್ಲ ಖರ್ಚಾಗಿ, ಯಾರಿಗೂ ಬೇಡದ ಒಂದು ಮೂಲೆ ಉಳಿಯಿತು. ಆಲ್ಪ್ಸ್ ಬೆಟ್ಟಗಳ ನಡುವಿನ ರೇಷಿಯ. 'ನಮ್ಮೂರಿನ ನಂಜಣ್ಣ ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಾನೆ, ಅವನಿಗಿರಲಿ' ಎಂದವನು ಸಂಘದ ಕಾರ್ಯದರ್ಶಿಯಾದ ನೀನೇ. ನಾನು ಆ ನಾಡಿನ ಹೆಸರು ಮೊದಲು ಕೇಳಿದ್ದೇ ನಿನ್ನ ಬಾಯಲ್ಲಿ. ಆಮೇಲೆ ಎರಡು ವರ್ಷ, ರಜಾ ಸಿಕ್ಕಿದಾಗಲೆಲ್ಲ ಮೈಸೂರಿನ ಬಸ್ಸು ಹತ್ತಿ, ಲೈಬ್ರರಿಯಲ್ಲಿ ಕೂತು ಬರೆದುಕೊಂಡು ಬಂದೆ. ಈಗ ಆ ಬೆಟ್ಟದ ಜನ ನನಗೆ ನಮ್ಮ ಬಿಳಿಕೆರೆ ಹೋಬಳಿಯವರ ಹಾಗೆ ಆಗಿಹೋಗಿದ್ದಾರೆ.

ನಲವತ್ತೊಂದನೆಯ ಪುಟ ತೆಗೆ. ಚಕ್ರವರ್ತಿಯ ಇಬ್ಬರು ಮಲಮಕ್ಕಳು ಒಂದೇ ಬೇಸಗೆಯಲ್ಲಿ ಆ ಬೆಟ್ಟಗಳನ್ನು ಗೆದ್ದರು ಎಂಬುದನ್ನು ಉಳಿಸಿದ್ದೀಯ. ಅದರ ಮುಂದಿನ ವಾಕ್ಯದ ಮೇಲೆ ನಿನ್ನ ನೀಲಿ ಪೆನ್ಸಿಲು ಓಡಿದೆ. ಯಾವ ವಾಕ್ಯ? 'ಗೆದ್ದ ಮೇಲೆ ಅಲ್ಲಿನ ಗಂಡಸರಲ್ಲಿ ಗಟ್ಟಿಮುಟ್ಟಾದವರನ್ನು ಆರಿಸಿ ಹೊರದೇಶಗಳಿಗೆ ಸಾಗಿಸಿ, ಭೂಮಿ ಉಳುವುದಕ್ಕೆ ಸಾಕಾಗುವಷ್ಟು, ತಿರುಗಿ ಬೀಳುವುದಕ್ಕೆ ಸಾಲದಷ್ಟು ಜನರನ್ನು ಮಾತ್ರ ಬಿಟ್ಟರು.' ಪಕ್ಕದಲ್ಲಿ ನಿನ್ನ ದುಂಡನೆಯ ಅಕ್ಷರದಲ್ಲಿ 'ಅನಾವಶ್ಯಕ'.

ಇದು ನಾನು ಕಟ್ಟಿದ ಕಥೆಯಲ್ಲ. ರೋಮಿನ ಕಡೆಯವನೇ ಆದ ಹಳೆಯ ಚರಿತ್ರೆಕಾರನೊಬ್ಬ ನಾಚಿಕೆಯಿಲ್ಲದೆ ಹೇಳಿಹೋದದ್ದು. ಅದೇ ಪುಟದಲ್ಲಿ, ಆಲ್ಪ್ಸಿನಲ್ಲಿ ಸೋತ ನಲವತ್ತೈದು ಪಂಗಡಗಳ ಹೆಸರನ್ನು ಕೊಟ್ಟಿದ್ದೆ. ಚಕ್ರವರ್ತಿಯ ಗೆಲುವಿಗಾಗಿ ಸಮುದ್ರದ ಬದಿಯ ಬೆಟ್ಟದ ಮೇಲೆ ಕಟ್ಟಿದ ಸ್ಮಾರಕದಲ್ಲಿ ಕೆತ್ತಿದ ಹೆಸರುಗಳು ಅವು. ಅಲ್ಲಿ ಮೂರನ್ನು ಉಳಿಸಿ, ಮಿಕ್ಕಿದ್ದಕ್ಕೆ 'ಮುಂತಾದ' ಎಂದು ಹಾಕಿದ್ದೀಯ. ಒಂದು 'ಮುಂತಾದ'ದೊಳಗೆ ನಲವತ್ತೆರಡು ಪಂಗಡ ಹೂತೆಯಲ್ಲ!

ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದುವ ಚಟ ನನಗಿದೆ. ನನ್ನಾಕೆ ಅರ್ಧಕ್ಕೇ ಎದ್ದು ಹೋಗುತ್ತಾಳೆ. ಅಣ್ಣ ಮಾದಪ್ಪನ ಹೆಂಡತಿ, ನಮ್ಮ ಶಿವರುದ್ರಮ್ಮ ಅತ್ತಿಗೆ, ಕೊನೆಯವರೆಗೂ ಕೂರುತ್ತಾರೆ. ಈ ವಾಕ್ಯ ಓದಿದ ದಿನ ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಂತಿತು. "ಅವ್ರ ಹೆಂಡ್ರು ಏನ್ ಮಾಡುದ್ರು ಅಂತ ಬರ್ದಿಲ್ವಾ ಆ ಪುಸ್ತಕದೋನು?" ಎಂದು ಕೇಳಿದರು. ಇಲ್ಲ ಅತ್ತಿಗೆ ಎಂದೆ. "ಅದ್ನೇ ಬರ್ದಿಲ್ಲ ಅಂದ್ಮೇಲೆ ಇನ್ನೇನ್ ಬರ್ದ?" ಎಂದು ಮತ್ತೆ ಸುಲಿಯತೊಡಗಿದರು.

ಅವರು ಸಾಲದು ಎಂದ ವಾಕ್ಯವನ್ನು ನೀನು ಹೆಚ್ಚಾಯಿತು ಎನ್ನುತ್ತೀಯ. ಅದು ಇದ್ದ ಜಾಗದಲ್ಲಿ ಇರಬೇಕು.

ಇಂತಿ,
ನಂಜಣ್ಣ


ಮೈಸೂರು
೧೮ ಜುಲೈ ೧೯೫೫

ಪ್ರಿಯ ನಂಜ,

ನಿನ್ನ ಕಾಗದ ಓದಿ ನಕ್ಕೆ ಕಣೋ. ಹಾಸ್ಟೆಲಿನಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ ನೀನು ಹೀಗೇ ಅಡಿಗೆಯವರ ಮೇಲೆ ದಂಡೆತ್ತಿ ಹೋಗುತ್ತಿದ್ದೆ.

ಸಮಾಧಾನವಾಗಿ ಕೇಳು. ಇದು ಹೈಸ್ಕೂಲು ಮಕ್ಕಳು ಓದುವ ಮಾಲೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಎಂಟು ವರ್ಷವಾಯಿತು. ಎಲ್ಲ ಕಡೆ ಕಟ್ಟೆ ಕಟ್ಟುತ್ತಿದ್ದೇವೆ, ರಸ್ತೆ ಹಾಕುತ್ತಿದ್ದೇವೆ. ಒಂದು ಆಡಳಿತ ಏನು ಕಟ್ಟಿತು ಎಂಬುದನ್ನು ಮಕ್ಕಳು ತಿಳಿಯಲಿ ಎಂಬುದು ಸಮಿತಿಯ ಅಭಿಪ್ರಾಯ. ನೀನೇ ಎಷ್ಟು ಚೆನ್ನಾಗಿ ಬರೆದಿದ್ದೀಯ! ಬೆಟ್ಟ ಸೀಳಿಕೊಂಡು ಡ್ಯಾನ್ಯೂಬ್ ನದಿಯವರೆಗೆ ಹೋದ ಹೆದ್ದಾರಿ. ಚಕ್ರವರ್ತಿ ಮೆಚ್ಚಿ ಕುಡಿಯುತ್ತಿದ್ದ ಅಲ್ಲಿನ ದ್ರಾಕ್ಷಾರಸ. ಇವತ್ತಿಗೂ ನಿಂತಿರುವ ಪಟ್ಟಣಗಳು. ರೋಮಿನವರ ಮಾತೇ ಆ ಕಣಿವೆಗಳಲ್ಲಿ ಬೇರೆ ರೂಪ ತಳೆದು ಉಳಿದಿದೆ, ಹದಿನೇಳು ವರ್ಷದ ಹಿಂದೆ ಸ್ವಿಸ್ ಜನ ಓಟು ಹಾಕಿ ಅದನ್ನು ತಮ್ಮ ದೇಶದ ನಾಲ್ಕನೆಯ ಭಾಷೆಯಾಗಿ ಒಪ್ಪಿದರು. ಇದಲ್ಲವೆ ಉಳಿದು ಬಂದ ಆಸ್ತಿ? ಇದಕ್ಕೆಲ್ಲ ಒಂದಕ್ಷರವೂ ಕೈ ಹಚ್ಚಿಲ್ಲ ನಾನು.

ಹೆಸರುಗಳ ಪಟ್ಟಿಯನ್ನು ನನ್ನಿಂದಲೇ ಉಚ್ಚರಿಸಲು ಆಗಲಿಲ್ಲ, ಮಕ್ಕಳ ಗತಿಯೇನು? ಒಂದು ವಾಕ್ಯಕ್ಕೆ ಇಷ್ಟು ರಂಪ ಬೇಡ.

ಶಿವರುದ್ರಮ್ಮನವರಿಗೆ ನನ್ನ ನಮಸ್ಕಾರ ಹೇಳು. ಅಪ್ಪನಿಗೆ ಈಚೆಗೆ ಉಬ್ಬಸ. ಊರ ಕಡೆ ಹೋದರೆ ಮಾತಾಡಿಸಿ ಬಾ.

ನಿನ್ನವನೇ,
ಲಿಂಗಣ್ಣ


ಪಿರಿಯಾಪಟ್ಟಣ
೨ ಆಗಸ್ಟ್ ೧೯೫೫

ಲಿಂಗಣ್ಣನಿಗೆ,

ನಕ್ಕೆಯಾ? ಸಂತೋಷ.

ರಸ್ತೆ ಎಂದೆ. ಆ ರಸ್ತೆ ಹಾಕಿಸಿದ್ದು ದಂಡು ಬೇಗ ಬೆಟ್ಟ ದಾಟಲಿ ಎಂದು, ಬೆಟ್ಟದವನು ಅತ್ತೆಮನೆಗೆ ಹೋಗಿಬರಲಿ ಎಂದಲ್ಲ. ಭಾಷೆ ಎಂದೆ. ಉಳಿದದ್ದು ಗೆದ್ದವರ ಭಾಷೆಯ ಮೊಮ್ಮಗಳು. ಆ ಜನ ತಮ್ಮ ತಾಯಂದಿರ ಹತ್ತಿರ ಆಡುತ್ತಿದ್ದ ಮಾತು ಕಲ್ಲಿನ ಮೇಲೆ ನಾಲ್ಕಾರು ಗೀಟಾಗಿ ಉಳಿದಿದೆ, ಪೂರ್ತಿ ಅರ್ಥ ಹೇಳುವವರಿಲ್ಲ. ಹೊರಗೆ ಸಾಗಿಸಿದವರು ಎಲ್ಲಿ ಸಿಗುತ್ತಾರೆ ಗೊತ್ತೆ? ಎಷ್ಟೋ ತಲೆಮಾರಿನ ಮೇಲೂ ಬ್ರಿಟನ್ನಿನ ಉತ್ತರ ಗಡಿಯಲ್ಲಿ ರೇಷಿಯದ ಈಟಿಯವರ ಪಡೆಯೊಂದು ಕಾವಲಿತ್ತು. ಅವರು ನಿಲ್ಲಿಸಿದ ಕಲ್ಲುಗಳು ಅಲ್ಲಿ ಸಿಕ್ಕಿವೆ. ಬೇರೆಯವರ ಗೋಡೆ ಕಾಯಲು ಬೆಟ್ಟದ ಮಕ್ಕಳು.

ನಿನ್ನ ಅಪ್ಪನನ್ನು ಮಾತಾಡಿಸಿ ಬಾ ಎಂದೂ ಬರೆದೆ. ಹಾಗಾದರೆ ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಅದನ್ನೂ ನೀನು ತಲೆಯಲ್ಲಿ ಅನಾವಶ್ಯಕ ಎಂದು ಗೀಚಿರಬಹುದು.

ನಮ್ಮ ಮಾಳದಕೊಪ್ಪಲಿನ ಮಾರಮ್ಮನ ಗುಡಿಯ ಮುಂದೆ ಒಂದು ಗುಂಡುಕಲ್ಲಿದೆ. ಯುಗಾದಿಯ ದಿನ ಗಂಡಸರು ಅದನ್ನು ಎತ್ತುತ್ತಾರೆ. ಎತ್ತಿ ಹೆಗಲಿಗೆ ಏರಿಸಿದವನು ಮುಂದಿನ ಯುಗಾದಿಯವರೆಗೆ ಊರು ಹೇಳಿದ ಕೆಲಸಕ್ಕೆ ಇಲ್ಲ ಎನ್ನಬಾರದು. ಕೆರೆ ಏರಿ ಒಡೆದರೆ ಮೊದಲು ಇಳಿಯಬೇಕಾದವನು ಅವನು. ಆನೆ ಬಂದರೆ ಮೊದಲು ಪಂಜು ಹಿಡಿಯಬೇಕಾದವನು ಅವನು. ಅದಕ್ಕೇ ಅವನಿಗೆ ಮರ್ಯಾದೆ.

ನಲವತ್ತಮೂರನೆಯ ಇಸವಿಯ ಯುಗಾದಿಗೆ ಪಟೇಲರಾದ ನಿನ್ನ ಅಪ್ಪ ಕಂಠಪ್ಪನವರ ಪಕ್ಕದಲ್ಲಿ ಕಾಕಿ ಚಡ್ಡಿಯವನೊಬ್ಬ ಪುಸ್ತಕ ಹಿಡಿದು ನಿಂತಿದ್ದನಂತೆ. ಹದಿನಾಲ್ಕು ಜನ ಎತ್ತಿದರು. ಹದಿನಾಲ್ಕು ಹೆಸರೂ ಪುಸ್ತಕಕ್ಕೆ ಹೋದವು. ಯುದ್ಧದ ಕಾಲ, ಅಸ್ಸಾಮಿನ ಬೆಟ್ಟದಲ್ಲಿ ದಂಡಿಗೆ ರಸ್ತೆ ಮಾಡಬೇಕು, ಊರು ಕಳಿಸುತ್ತಿದೆ, ಇದೇ ಈ ವರ್ಷದ ಕೆಲಸ ಎಂದರು ಪಟೇಲರು. ಹಿಂದೆಗೆದವರಿಗೆ, ಮಾರಮ್ಮನ ಮುಂದೆ ಎತ್ತಿ ಈಗ ಇಳಿಸುತ್ತೀರಾ ಎಂದು ಕೇಳಿದರು. ನಾನು ಆ ದಿನ ಊರಲ್ಲಿರಲಿಲ್ಲ. ಹಾಸ್ಟೆಲಿನ ವಾರ್ಡನ್ನರಿಗೆ ತುರ್ತಾಗಿ ತಲುಪಬೇಕು ಎಂದು ನೀನು ಕೊಟ್ಟ ಚೀಟಿ ಹಿಡಿದು, ಬಿಳಿಕೆರೆಗೆ ನಡೆದು, ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಮೈಸೂರಿಗೆ ಹೋಗಿದ್ದೆ. ಇದ್ದಿದ್ದರೆ ಎತ್ತುತ್ತಿದ್ದೆ, ಅಣ್ಣನಿಗಿಂತ ಮೊದಲೇ.

ಮೂವರು ತಿರುಗಿ ಬಂದರು. ನಮ್ಮ ಮಾದಪ್ಪಣ್ಣನೂ ಸೇರಿ ಹನ್ನೊಂದು ಜನ ಬರಲಿಲ್ಲ. ಜ್ವರ ಎಂದರು ಬಂದವರು. ಯಾವ ಕಾಗದವೂ ಬರಲಿಲ್ಲ.

ಆಮೇಲೆ ಹೆಳವರ ಪುಟ್ಟಸ್ವಾಮಿ ಎತ್ತಿನ ಮೇಲೆ ಗಂಟೆ ಆಡಿಸಿಕೊಂಡು ಬಂದ. ನಮ್ಮ ಮನೆಗಳ ಏಳೇಳು ತಲೆಮಾರಿನ ಹೆಸರು ಅವನ ಬಾಯಲ್ಲಿದೆ. ಸತ್ತವರನ್ನು ಆ ಸಾಲಿಗೆ ಏರಿಸಬೇಕಾದರೆ ಪ್ರತಿ ಹೆಸರಿಗೂ ಮನೆಯವನೊಬ್ಬ ಹೂಂ ಅನ್ನಬೇಕು. ಊರ ಕೆಲಸಕ್ಕೆ ಹೋಗಿ ಸತ್ತವರಾದರೆ ಮೊದಲ ಹೂಂ ಪಟೇಲರ ಜಗಲಿಯಲ್ಲಿ ಬೀಳಬೇಕು. ನಿನ್ನ ಅಪ್ಪ ಅನ್ನಲಿಲ್ಲ. "ಸತ್ತಿದ್ದ ಕಂಡೋರ್ಯಾರು? ಅವರಾಗೇ ಹೋದ್ರು, ಅವರಾಗೇ ಬತ್ತಾರೆ" ಎಂದರು. ಅಲ್ಲಿಗೆ ಮುಗಿಯಿತು. ಹನ್ನೊಂದು ಹೆಸರು ಬದುಕಿದವರ ಜೊತೆಗೂ ಇಲ್ಲ, ಸತ್ತವರ ಸಾಲಿನಲ್ಲೂ ಇಲ್ಲ. ಅತ್ತಿಗೆ ಹನ್ನೆರಡು ವರ್ಷದಿಂದ ಬಳೆ ತೊಟ್ಟುಕೊಂಡು, ಯಾರಾದರೂ ಮದುವೆಗೆ ಕರೆದರೆ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಲ್ಲುತ್ತಾರೆ.

ಆ ಚಕ್ರವರ್ತಿಯ ಸ್ಮಾರಕದಲ್ಲಿ, ಅವನ ಹೆಮ್ಮೆಗಾದರೂ ಸರಿ, ಸೋತವರ ಹೆಸರು ಬಿದ್ದಿದೆ. ನಮ್ಮೂರಿನಲ್ಲಿ ಅಷ್ಟೂ ಆಗಲಿಲ್ಲ. ನನ್ನ ವಾಕ್ಯ ಹಾಕು.

ನಂಜಣ್ಣ


(ಕಾರ್ಡು)

ಪಿರಿಯಾಪಟ್ಟಣ
೯ ಅಕ್ಟೋಬರ್ ೧೯೫೫

ಲಿಂಗಣ್ಣನಿಗೆ,

ಎರಡು ತಿಂಗಳಾಯಿತು, ಉತ್ತರವಿಲ್ಲ. ಪುಸ್ತಕ ಅಚ್ಚಿಗೆ ಹೋಯಿತೆಂದು ಬೇರೆಯವರಿಂದ ತಿಳಿಯಿತು. ಕಾರ್ಡನ್ನು ಪೋಸ್ಟ್‌ಮ್ಯಾನ್ ಓದಲಿ ಎಂದೇ ಕಾರ್ಡಿನಲ್ಲಿ ಕೇಳುತ್ತಿದ್ದೇನೆ: ಆ ವಾಕ್ಯ ಇದೆಯೋ ಇಲ್ಲವೋ?

ನಂಜಣ್ಣ


ಪಿರಿಯಾಪಟ್ಟಣ
೨೦ ನವೆಂಬರ್ ೧೯೫೫

ಲಿಂಗಣ್ಣನವರಿಗೆ,

ಪುಸ್ತಕದ ಆರು ಪ್ರತಿ ತಲುಪಿದವು. ರಟ್ಟು ಚೆನ್ನಾಗಿದೆ. ಹಿಮದ ಬೆಟ್ಟದ ಚಿತ್ರ ಚೆನ್ನಾಗಿದೆ. ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದೀರಿ.

ಅತ್ತಿಗೆ ಕೈ ತೊಳೆದು, ಸೆರಗಿಗೆ ಒರಸಿಕೊಂಡು ಪುಸ್ತಕ ತೆಗೆದುಕೊಂಡರು. ಅವರಿಗೆ ಓದು ಬಾರದು. "ಅದೆಲ್ಲೈತೆ, ತೋರ್ಸು" ಎಂದರು. ನಲವತ್ತೊಂದನೆಯ ಪುಟ ತೆಗೆದುಕೊಟ್ಟೆ. ಬೆರಳನ್ನು ಒಂದು ಸಾಲಿನ ಮೇಲಿಟ್ಟು, "ಇದಾ?" ಎಂದರು. ಅಲ್ಲ ಎಂದೆ. ಕೆಳಗಿನ ಸಾಲಿಗೆ ಇಳಿಸಿ, "ಇದಾ?" ಎಂದರು. ಪುಟದ ಕೊನೆಯವರೆಗೂ ಹಾಗೇ ಇಳಿಸಿಕೊಂಡು ಹೋದರು. ನಾನು ಇಪ್ಪತ್ತನಾಲ್ಕು ಸಲ ಅಲ್ಲ ಎಂದೆ.

ಈ ಪುಸ್ತಕದ ಮೇಲೆ ನನ್ನ ಹೆಸರು ಇರುವುದು ನನಗೆ ಬೇಡ. ನನ್ನನ್ನು ಮುಂತಾದವರಲ್ಲಿ ಸೇರಿಸಿಬಿಡಿ.

ನಂಜಣ್ಣ


ಮೈಸೂರು
೧೧ ಡಿಸೆಂಬರ್ ೧೯೫೫

ನಂಜ,

ನೀನು ನನ್ನನ್ನು ಬಹುವಚನದಲ್ಲಿ ಕರೆದ ಕಾಗದ ಓದಿ ಮೂರು ವಾರ ಆಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಮಿತಿಗೂ ಆ ವಾಕ್ಯಕ್ಕೂ ಸಂಬಂಧವಿಲ್ಲ. ಸಮಿತಿಯವರು ಅದನ್ನು ಓದೇ ಇಲ್ಲ. ಗೀಚಿದ್ದು ನಾನೊಬ್ಬನೇ.

ಆ ಯುಗಾದಿಗೆ ನಾಲ್ಕು ದಿನ ಮುಂಚೆ ಕಾಕಿ ಚಡ್ಡಿಯವನು ನಮ್ಮ ಮನೆಗೆ ಬಂದಿದ್ದ. ಇಷ್ಟು ಆಳು ಬೇಕು ಎಂದ. ನಾನು ಒಳಗೆ ನಡುಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುತ್ತಿದ್ದೆ. ಆ ವರ್ಷ ಕೆರೆಯ ನೀರಿಗಾಗಿ ಅಪ್ಪನಿಗೂ ನಿಮ್ಮಣ್ಣನ ಕಡೆಯವರಿಗೂ ಮಾತು ಬೆಳೆದಿತ್ತಲ್ಲ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ ಮಾತು ಕಿವಿಗೆ ಬಿತ್ತು. "ಗುಂಡು ಎತ್ತೋರ್ನೇ ತಗೊಂಡೋಗಿ. ಉಳೋಕ್ ಸಾಕಾಗೋಷ್ಟು ಇರ್ಲಿ, ಎದುರ್ ಮಾತಾಡೋಕೆ ಬ್ಯಾಡ."

ನಿನ್ನ ನಲವತ್ತೊಂದನೆಯ ಪುಟ ಓದಿದಾಗ, ಎರಡು ಸಾವಿರ ವರ್ಷದ ಹಿಂದಿನ ಮಾತನ್ನು ನನ್ನ ಅಪ್ಪನ ದನಿಯಲ್ಲೇ ಕೇಳಿದೆ. ಪೆನ್ಸಿಲು ತಾನಾಗಿ ಓಡಿತು.

ಇನ್ನೊಂದು ಇದೆ. ಅದನ್ನೂ ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ವಾರ್ಡನ್ನರಿಗೆ ನಾನು ಕೊಟ್ಟ ಚೀಟಿಯಲ್ಲಿ ಏನೂ ಇರಲಿಲ್ಲ, ರಜಾ ಮುಗಿದ ಮೇಲೆ ಬರುತ್ತೇವೆ ಎಂದು ಮಾತ್ರ ಬರೆದಿದ್ದೆ. ನೀನು ಆ ದಿನ ಗುಡಿಯ ಹತ್ತಿರ ಇರಬಾರದಿತ್ತು. ಅಪ್ಪನ ವಿರುದ್ಧ ಊರಿಗೆಲ್ಲ ಹೇಳುವ ಧೈರ್ಯ ನನಗಿರಲಿಲ್ಲ, ನಿನ್ನೊಬ್ಬನನ್ನು ಬಸ್ಸು ಹತ್ತಿಸುವಷ್ಟಿತ್ತು.

ಇದರ ಜೊತೆ ಒಂದು ತಿದ್ದೋಲೆ ಇಟ್ಟಿದ್ದೇನೆ. ನನ್ನ ಖರ್ಚಿನಲ್ಲಿ ಅಚ್ಚು ಹಾಕಿಸಿದೆ. 'ಪುಟ ೪೧, ಒಂಬತ್ತನೆಯ ಸಾಲಿನ ಮುಂದೆ ಸೇರಿಸಿ ಓದಿಕೊಳ್ಳಬೇಕು' ಎಂದು ನಿನ್ನ ವಾಕ್ಯ ಅಕ್ಷರ ಬಿಡದೆ ಇದೆ. ಹಿಂಬದಿಯಲ್ಲಿ ನಲವತ್ತೈದು ಹೆಸರೂ ಇವೆ. ಸಂಘದಲ್ಲಿದ್ದ ಒಂಬೈನೂರು ಪ್ರತಿಗೂ ಗೋಂದು ಹಚ್ಚಿ ನಾನೇ ಅಂಟಿಸಿದೆ.

ಲಿಂಗಣ್ಣ


ಪಿರಿಯಾಪಟ್ಟಣ
೨೬ ಡಿಸೆಂಬರ್ ೧೯೫೫

ಲಿಂಗಣ್ಣ,

ನಿನ್ನ ಕಾಗದವನ್ನು ಅತ್ತಿಗೆಗೆ ಓದಬಾರದು ಎಂದುಕೊಂಡೆ. ಎರಡು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಆಮೇಲೆ, ಇದನ್ನು ಮುಚ್ಚಿಟ್ಟರೆ ನನ್ನ ಕೈಯಲ್ಲೂ ಒಂದು ನೀಲಿ ಪೆನ್ಸಿಲು ಇದ್ದ ಹಾಗಲ್ಲವೆ ಎನ್ನಿಸಿ ಓದಿದೆ.

ಕೇಳಿ ಅವರು ಹೇಳಿದ್ದು ಇಷ್ಟು: "ನಿನ್ನ ಕಳ್ಸಕ್ಕೆ ಒಂದು ಚೀಟಿ ಇತ್ತು. ನಿಮ್ಮಣ್ಣಂಗೆ ಇನ್ನೊಂದು ಬರ್ಯಕ್ಕೆ ಅವ್ರ ಮನೇಲಿ ಕಾಗ್ದ ಇರ್ಲಿಲ್ವಂತಾ?"

ಉತ್ತರ ಕೊಡು.

ನನ್ನನ್ನು ಉಳಿಸಿದ್ದಕ್ಕೆ ನಾನು ಕೈ ಮುಗಿಯುತ್ತೇನೆ ಎಂದು ಕಾದಿದ್ದೆಯಾ? ಇಷ್ಟು ವರ್ಷ, ನಾನಿದ್ದಿದ್ದರೆ ನಾನೂ ಎತ್ತುತ್ತಿದ್ದೆ, ಅಣ್ಣನ ಜೊತೆ ಹೋಗುತ್ತಿದ್ದೆ ಎಂದು ಹೇಳಿಕೊಂಡು ಬದುಕಿದೆ. ಅದೊಂದು ಸಮಾಧಾನವಿತ್ತು, ಅದನ್ನೂ ನೀನು ಕಿತ್ತುಕೊಂಡೆ. ಆರಿಸಿ ಕಳಿಸಿದವರು ನಿಮ್ಮ ಮನೆಯವರು, ಆರಿಸಿ ಬಿಟ್ಟವರೂ ನಿಮ್ಮ ಮನೆಯವರೇ. ನಾನು ರೇಷಿಯದ ಬಗ್ಗೆ ಪುಸ್ತಕ ಬರೆದೆ, ಉಳುವುದಕ್ಕೆ ಬಿಟ್ಟವರಲ್ಲಿ ನಾನೂ ಒಬ್ಬ ಎಂದು ಗೊತ್ತಿಲ್ಲದೆ.

ಆಗೊಂದು ಚೀಟಿ ಕೊಟ್ಟೆ, ಈಗೊಂದು ಚೀಟಿ ಕಳಿಸಿದ್ದೀಯ. ಎರಡರಿಂದಲೂ ನಿನ್ನ ಕೈ ಶುದ್ಧವಾಗುತ್ತದೆ, ಬೇರೆ ಏನೂ ಆಗುವುದಿಲ್ಲ. ಒಂಬೈನೂರು ಪ್ರತಿಗೆ ಗೋಂದು ಹಚ್ಚಿದ್ದು ಕಷ್ಟದ ಕೆಲಸವೇ ಇರಬಹುದು. ಅದಕ್ಕಿಂತ ಕಷ್ಟದ್ದು ಒಂದಿದೆ.

ಸುಗ್ಗಿ ಮುಗಿದ ಮೇಲೆ, ಫೆಬ್ರವರಿ ಮೊದಲ ಶನಿವಾರ, ಪುಟ್ಟಸ್ವಾಮಿ ಮಾಳದಕೊಪ್ಪಲಿಗೆ ಬರುತ್ತಾನೆ. ಎಂದಿನಂತೆ ಮೊದಲು ನಿಮ್ಮ ಜಗಲಿಗೆ. ಹನ್ನೊಂದು ಹೆಸರನ್ನೂ ಹೇಳು ಎಂದು ನಾನು ಅವನಿಗೆ ಹೇಳಿಕಳಿಸಿದ್ದೇನೆ. ಹೇಳುತ್ತಾನಂತೆ. ಹೂಂ ಅನ್ನುವವರು ಮಾತ್ರ ಬೇಕು. ಬಾ, ಬಂದು ಕೂರು. ಆ ಜಗಲಿಯನ್ನು ನಾನು ಹತ್ತುವುದಿಲ್ಲ, ಅತ್ತಿಗೆ ಬರುತ್ತಾರೆ.

ನಂಜಣ್ಣ


ಮಾಳದಕೊಪ್ಪಲು
೫ ಫೆಬ್ರವರಿ ೧೯೫೬

ನಂಜ,

ನಿನ್ನೆ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಏನಾದರೂ ಬಿಟ್ಟರೆ ಹೇಳಲು ಅತ್ತಿಗೆಯವರಿದ್ದಾರೆ.

ನಾನು ಶುಕ್ರವಾರವೇ ಬಂದು ಅಪ್ಪನಿಗೆ ವಿಷಯ ತಿಳಿಸಿದೆ. ಅವರು ನನ್ನ ಜೊತೆ ಮಾತು ಬಿಟ್ಟರು. ಆದರೆ ಬೆಳಿಗ್ಗೆ ಎತ್ತಿನ ಗಂಟೆ ಕೇಳಿದಾಗ ರುಮಾಲು ಸುತ್ತಿಕೊಂಡು ಜಗಲಿಯ ಮೇಲೆ ತಮ್ಮ ಜಾಗದಲ್ಲಿ ಬಂದು ಕೂತರು. ಪಟೇಲರ ಜಾಗ ಖಾಲಿ ಬಿಡುವುದು ಅವರಿಂದಾಗಲಿಲ್ಲ ಎಂದು ಕಾಣುತ್ತದೆ. ಅಂಗಳದ ತುಂಬ ಜನ. ನಿನ್ನ ಅತ್ತಿಗೆ ಕಂಬದ ಹತ್ತಿರ ನಿಂತಿದ್ದರು. ಕೂರಿ ಎಂದರೆ ಕೂರಲಿಲ್ಲ.

ಪುಟ್ಟಸ್ವಾಮಿ ಎತ್ತಿನ ಮೇಲಿಂದಲೇ ರಾಗ ತೆಗೆದ. ನಮ್ಮ ಮನೆಯ ಹಿರಿಯರದೆಲ್ಲ ಮುಗಿಸಿ, ಒಂದು ಗಳಿಗೆ ನಿಲ್ಲಿಸಿ, ಹನ್ನೊಂದರಲ್ಲಿ ಮೊದಲನೆಯ ಹೆಸರು ಎತ್ತಿದ. ನಾನು ಹೂಂ ಅಂದೆ. ಸುಲಭವಲ್ಲ ಕಣೋ. ಐದು ಹೆಸರಿಗೆ ಅಂದೆ.

ಆರನೆಯದು ಮಾದಪ್ಪಣ್ಣನದು. "ಗುಂಡು ಎತ್ತಿದ ಮಾದಪ್ಪ, ದಂಡಿನ ದಾರಿ ಹಿಡಿದು ಹೋದ" ಎಂದು ಹೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಮಾತಾಡಿದರು. "ತಡಿ ಪುಟ್ಟಸ್ವಾಮಿ. ಹೋದ ಅನ್ಬ್ಯಾಡ. ಕಳ್ಸುದ್ರು ಅನ್ನು."

ಅವನು ಅಪ್ಪನ ಕಡೆ ನೋಡಿದ, ಎತ್ತಿನ ಕಿವಿ ಸವರಿದ, ಹೇಳಿದ. "ಗುಂಡು ಎತ್ತಿದ ಮಾದಪ್ಪ, ದಂಡಿನ ದಾರಿಗೆ ಕಳಿಸಿದರು." ನಾನು ಹೂಂ ಅಂದೆ.

"ನೀ ಸುಮ್ಕಿರು ಲಿಂಗಣ್ಣ" ಎಂದರು ಅತ್ತಿಗೆ. "ಕಳ್ಸ್‌ದೋರು ಅನ್ಲಿ."

ಪುಟ್ಟಸ್ವಾಮಿ ಮುಂದಿನ ಹೆಸರಿಗೆ ಹೋಗಲಿಲ್ಲ. ಬಿಸಿಲು ಮೆಟ್ಟಿಲು ಬಿಟ್ಟು ಕಂಬದ ಬುಡಕ್ಕೆ ಬಂತು. ಅಪ್ಪ ಗಂಟಲು ಸರಿಮಾಡಿಕೊಂಡು ಕೆಮ್ಮಿದರು.

"ಅದು ಕೆಮ್ಮು ಪಟೇಲ್ರೆ" ಎಂದ ಪುಟ್ಟಸ್ವಾಮಿ, ಬಹಳ ಮರ್ಯಾದೆಯಿಂದಲೇ. "ಕೆಮ್ಮಿಗೆ ಹೆಸ್ರು ಏರಾಕಿಲ್ಲ."

ಹಿಂದೆ ಯಾರೋ ಒಬ್ಬರು ನಕ್ಕರು, ಇನ್ನೊಬ್ಬರು ಗದರಿಸಿದರು. ಅಪ್ಪ ಗುಡಿಯ ಕಡೆ ನೋಡಿದರು. ನಮ್ಮ ಜಗಲಿಯಿಂದ ಗುಂಡುಕಲ್ಲು ಕಾಣುತ್ತದಲ್ಲ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೂಂ ಅಂದರು. ಮುಂದಿನ ಐದು ಹೆಸರಿಗೂ ಅವರೇ ಅಂದರು. ಮುಗಿದ ಮೇಲೆ, ನಾನಂದ ಐದನ್ನೂ ಮೊದಲಿಂದ ಹೇಳಿಸಿ ಅವಕ್ಕೂ ಅಂದರು. ಯಾರೂ ಕೇಳಿರಲಿಲ್ಲ.

ಅತ್ತಿಗೆ ಗುಡಿಯ ಮುಂದೆ ಹೋಗಿ, ಬಳೆಗಳನ್ನು ಒಡೆಯಲು ಯಾರಿಗೂ ಬಿಡದೆ, ತಾವೇ ಒಂದೊಂದಾಗಿ ತೆಗೆದು ಗುಂಡುಕಲ್ಲಿನ ಮೇಲಿಟ್ಟರು.

ನನಗೆ ನಿನ್ನಿಂದ ಏನು ಕೇಳಬೇಕೋ ತಿಳಿಯುತ್ತಿಲ್ಲ.

ಲಿಂಗಣ್ಣ


ಪಿರಿಯಾಪಟ್ಟಣ
೨೦ ಫೆಬ್ರವರಿ ೧೯೫೬

ಲಿಂಗಣ್ಣನಿಗೆ,

ಏನೂ ಕೇಳಬೇಡ. ಕ್ಷಮೆ ನನ್ನ ಹತ್ತಿರ ಇಲ್ಲ. ಇದ್ದರೂ ಅದು ನನ್ನದಲ್ಲ, ಅತ್ತಿಗೆಯದು; ಅವರನ್ನೇ ಬಂದು ಕೇಳು, ಕೊಡುವುದಿಲ್ಲ ಎಂದು ನನಗನ್ನಿಸುತ್ತದೆ. ನಿನ್ನ ಅಪ್ಪ ಹೂಂ ಅಂದದ್ದನ್ನು ಊರೆಲ್ಲ ಹೊಗಳುತ್ತಿದೆಯಂತೆ. ಹನ್ನೆರಡು ವರ್ಷ ಅನ್ನದಿದ್ದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡ ಹಾಗೆ ಕಾಣೆ. ಮೊನ್ನೆ ಬಸ್ಸಿನಲ್ಲಿ ಒಬ್ಬರು, ಎಂಥ ದೊಡ್ಡ ಮನಸ್ಸು ಪಟೇಲರದು ಎಂದರು. ನಾನು ಮುಂದಿನ ನಿಲ್ದಾಣದಲ್ಲೇ ಇಳಿದು ಮನೆಗೆ ನಡೆದೆ.

ಪುಸ್ತಕದ ಎರಡನೆಯ ಮುದ್ರಣವಾದರೆ ಆ ವಾಕ್ಯ ಚೀಟಿಯಲ್ಲಿ ಬೇಡ. ಚೀಟಿ ಉದುರುತ್ತದೆ. ನಮ್ಮ ಸ್ಕೂಲಿನ ಪ್ರತಿಯಲ್ಲಿ ಈಗಾಗಲೇ ಅರ್ಧ ಕಿತ್ತುಬಂದಿದೆ. ಪುಟದಲ್ಲಿ, ಒಂಬತ್ತನೆಯ ಸಾಲಿನ ಮುಂದೆ, ಇರಬೇಕಾದ ಜಾಗದಲ್ಲಿ ಇರಬೇಕು. ಇದು ಕೋರಿಕೆಯಲ್ಲ.

ಕಳೆದ ವಾರ ಪುಟ್ಟಸ್ವಾಮಿ ಇಲ್ಲಿಗೂ ಬಂದಿದ್ದ. ಅಣ್ಣನ ಹೆಸರು ಏಳು ತಲೆಮಾರಿನ ಕೊನೆಗೆ ಸೇರಿ ಬಂದಾಗ ನಾನು ಹೂಂ ಅಂದೆ. ರಾಗಿ ಹಾಕಿ ಕಳಿಸಬೇಕು ಅನ್ನುವಷ್ಟರಲ್ಲಿ ಅತ್ತಿಗೆ ನಿನ್ನ ತಿದ್ದೋಲೆ ತಂದು ನನ್ನ ಕೈಗಿಟ್ಟು, ಆ ಬೆಟ್ಟದವರ ಹೆಸರನ್ನು ಓದು, ಇವನು ಹೇಳಲಿ ಎಂದರು. ಅವನ ವಂಶದಲ್ಲಿ ಇಂಥ ಕೆಲಸ ಯಾರೂ ಮಾಡಿರಲಿಲ್ಲ. ಯಾವ ಕುಲದವರು, ಯಾವ ದೇವರ ಒಕ್ಕಲು ಎಂದು ಕೇಳಿದ. ಗೊತ್ತಿಲ್ಲ, ದೂರದ ಬೆಟ್ಟದವರು, ಅವರಲ್ಲಿ ಗಟ್ಟಿಮುಟ್ಟಾದವರನ್ನೆಲ್ಲ ಕಳಿಸಿಬಿಟ್ಟರು ಎಂದೆ. ಅಷ್ಟು ಸಾಕಾಯಿತು ಅವನಿಗೆ. ಎತ್ತಿನಿಂದ ಇಳಿದು ಜಗಲಿಯ ಮೇಲೆ ಕೂತ. ನಾನು ಒಂದೊಂದಾಗಿ ಓದಿದೆ, ಅವನು ತನ್ನ ರಾಗಕ್ಕೆ ಕೂರಿಸಿಕೊಂಡು ಹಾಡಿದ. ತ್ರುಂಪಿಲೀನಿ. ಕಮುನಿ. ವೆನೋಸ್ತೆಸ್. ಇಸಾರ್ಕಿ. ಬ್ರೆಯುನಿ. ನಿನಗೆ ಉಚ್ಚರಿಸಲು ಬಾರದ ಹೆಸರುಗಳು ಅವನ ನಾಲಗೆಯಲ್ಲಿ ನಮ್ಮ ಅಜ್ಜಂದಿರ ಹೆಸರಿನ ಹಾಗೆ ತಿರುಗಿದವು.

ಪ್ರತಿ ಹೆಸರಿಗೂ ಅತ್ತಿಗೆ ಹೂಂ ಅಂದರು. ನಲವತ್ತೈದು ಸಲ. ಒಂದನ್ನೂ ತಪ್ಪಿಸಲಿಲ್ಲ.

ಮುಗಿದ ಮೇಲೆ, ನೀವೇಕೆ ಅಂದಿರಿ ಅತ್ತಿಗೆ, ಅವರು ನಮ್ಮ ಮನೆಯವರಲ್ಲವಲ್ಲ ಎಂದೆ. ಅವರು ಬರಿಗೈಯಲ್ಲಿ ರಾಗಿಯ ಮೊರ ಎತ್ತಿಕೊಳ್ಳುತ್ತ ಹೇಳಿದರು:

"ಅವ್ರ ಮನೆಯೋರು ಯಾರೂ ಇಲ್ವಲ್ಲಪ್ಪ. ಅದ್ಕೆ ನಾನಂದೆ."

ಇಂತಿ,
ನಂಜಣ್ಣ